ಮಾಚಣ್ಣನ ಕಹಿ ನೊರೆಹೆಂಡ

ಬಲು ಹಿಂದೆ, ಕಾಡಿನ ಪ್ರಾಣಿಗಳ ಮಾತು ಮನುಷ್ಯರಿಗೂ ತಿಳಿಯುತ್ತಿದ್ದ ಕಾಲದಲ್ಲಿ, ಹೊನ್ನತೊರೆ ಎಂಬ ರಾಜ್ಯವಿತ್ತು. ಅಲ್ಲಿನ ಕೋಟೆ ಬಾಗಿಲ ಪಕ್ಕದಲ್ಲಿ ಮಾಚಣ್ಣನೆಂಬ ಯುವಕ ಸಣ್ಣದೊಂದು ಪಾನಗೃಹ ನಡೆಸುತ್ತಿದ್ದ. ಜವೆಗೋಧಿಯನ್ನು ನೆನೆಸಿ, ಮೊಳಕೆ ಬರಿಸಿ, ಹುರಿದು, ಕುದಿಸಿ, ಹುದುಗು ಬೆರೆಸಿ ಗುಡಾಣದಲ್ಲಿ ಮುಚ್ಚಿಟ್ಟರೆ ನೊರೆಯೇಳುವ ಹೆಂಡವಾಗುತ್ತಿತ್ತು. ಜನ ಅದನ್ನು ನೊರೆಹೆಂಡ ಎನ್ನುತ್ತಿದ್ದರು. ಒಂದೇ ರುಚಿಗೆ ನಿಲ್ಲುವುದು ಮಾಚಣ್ಣನಿಂದ ಆಗುತ್ತಿರಲಿಲ್ಲ. ಒಮ್ಮೆ ಶುಂಠಿ ಹಾಕಿ ನೋಡುವನು, ಒಮ್ಮೆ ಹುಣಸೆಹೂವು, ಒಮ್ಮೆ ಸುಟ್ಟ ಕಿತ್ತಳೆ ಸಿಪ್ಪೆ. ಅಂಗಡಿ ನೋಡಿಕೊಳ್ಳುವವಳು ಅವನ ಅಕ್ಕ ಜಕ್ಕವ್ವ. ಹೊಸ ಗುಡಾಣ ತೆರೆದರೆ ಮೊದಲ ಗುಟುಕು ಅವಳದು. ಅವಳು ಒಪ್ಪದ ಹೆಂಡ ಹಿತ್ತಿಲಿನ ಎಮ್ಮೆಯ ಪಾಲಾಗುತ್ತಿತ್ತು.

ಒಂದು ಮಧ್ಯಾಹ್ನ ಧೂಮಜಟಿ ಎಂಬ ಮಾಂತ್ರಿಕ ಪಾನಗೃಹಕ್ಕೆ ಬಂದ. ಅವನ ಜಟೆ ಕೂದಲಿನದಲ್ಲ, ಹೊಗೆಯದು. ಚಿಟಿಕೆ ಬೂದಿಯನ್ನು ಮುಂದಿಟ್ಟು, ಇದನ್ನು ನಿನ್ನ ಹೆಂಡಕ್ಕೆ ಬೆರೆಸು, ಕುಡಿದವರೆಲ್ಲ ನಾನು ಹೇಳಿದ್ದಕ್ಕೆ ತಲೆಯಾಡಿಸುತ್ತಾರೆ, ಅರ್ಧ ರಾಜ್ಯ ನಿನ್ನದು ಎಂದ. ಮಾಚಣ್ಣ ತನ್ನಿಂದಾಗದು ಎಂದ. ಮಾಂತ್ರಿಕ ಸಿಟ್ಟಾಗಲಿಲ್ಲ. ಅವನ ಗಲ್ಲ ಹಿಡಿದು, ಬಾಯಿ ತೆರೆಸಿ, ನಾಲಿಗೆಯ ಮೇಲೊಮ್ಮೆ ಊದಿ ಹೊರಟುಹೋದ.

ಅಂದಿನಿಂದ ಮಾಚಣ್ಣನ ನಾಲಿಗೆ ಕೆಟ್ಟಿತು. ಬೆಳಿಗ್ಗೆ ಬೆಲ್ಲ ಉಪ್ಪಾಗಿರುತ್ತಿತ್ತು, ಸಂಜೆಗೆ ಅದೇ ಬೆಲ್ಲ ಹುಳಿ. ಬರೀ ನೀರು ಮೆಣಸಿನಂತೆ ಸುಡುತ್ತಿತ್ತು. ಉಪ್ಪೆನಿಸಿದ್ದನ್ನು ಸಿಹಿಯೆಂದು ತಿಳಿದುಕೊಂಡರಾಯಿತು ಎಂದುಕೊಂಡರೆ, ಮರುದಿನ ಅದೂ ತಲೆಕೆಳಗಾಗುತ್ತಿತ್ತು. ಒಲೆಯ ಮುಂದೆ ಸೌಟು ಹಿಡಿದು ನಿಂತವನಿಗೆ ಏನು ಹಾಕಿದೆ, ಇನ್ನೇನು ಹಾಕಬೇಕು ಎಂಬುದೇ ತಿಳಿಯದು. ಗಿರಾಕಿಗಳು ಒಂದು ಗುಟುಕು ಕುಡಿದು, ಮುಖ ನೋಡದೆ ಎದ್ದು ಹೋಗತೊಡಗಿದರು.

ಧೂಮಜಟಿ ಒಂದು ಚಪ್ಪಾಳೆ ತಟ್ಟಿದ. ಬೀದಿಯ ಎದುರು ಬದಿಯಲ್ಲಿ ಕರಿಕಲ್ಲಿನ ಪಾನಶಾಲೆ ಎದ್ದಿತು. ಜನ ನುಗ್ಗಿದರು. ಅವನ ಬೂದಿ ಬೆರೆತ ಹೆಂಡ ಕುಡಿದವರು ಮನೆಗೆ ಮರಳಲಿಲ್ಲ. ಅವರ ಬಾಯಲ್ಲಿ ಉಳಿದದ್ದು ಒಂದೇ ಮಾತು: ಹೌದು, ಒಡೆಯ. ಅರಸ ಬಲ್ಲರಸನೂ ಕುಡಿದ. ಕಿರೀಟ ಕೊಡುತ್ತೀಯಾ ಎಂದು ಮಾಂತ್ರಿಕ ಕೇಳಿದರೆ, ಹೌದು ಒಡೆಯ ಎಂದು ತೆಗೆದು ಕೊಟ್ಟ. ತಮ್ಮನ ನಾಲಿಗೆ ಸರಿಮಾಡು ಎಂದು ಜಗಳಕ್ಕೆ ಹೋದ ಜಕ್ಕವ್ವನನ್ನು ಅಲ್ಲಿದ್ದವರೇ ಹಿಡಿದು ಅವಳ ಬಾಯಿಗೂ ಸುರಿದರು.

ಮಾಚಣ್ಣ ಓಡಿದ. ಅಕ್ಕ ಅಲ್ಲಿ ಬಟ್ಟಲು ತೊಳೆಯುತ್ತಿದ್ದಳು. ಮನೆಗೆ ನಡೆ ಎಂದು ಎಷ್ಟು ಕರೆದರೂ ಅವಳು ಮಾಂತ್ರಿಕನ ಮುಖವನ್ನೇ ನೋಡುತ್ತಿದ್ದಳು. ಧೂಮಜಟಿಗೆ ಮೋಜೆನಿಸಿತು.

"ಮಾಚ, ಮೂರು ಸಲ ಹೆಂಡ ಮಾಡಿ ತಾ. ಇಲ್ಲಿರುವವರಲ್ಲಿ ಒಬ್ಬರಾದರೂ ನನ್ನದಕ್ಕಿಂತ ನಿನ್ನದು ಮೇಲು ಅಂದರೆ ಎಲ್ಲರನ್ನೂ ಬಿಡುತ್ತೇನೆ. ಯಾರೂ ಅನ್ನದಿದ್ದರೆ ನನ್ನ ಬಟ್ಟಲನ್ನು ನೀನೂ ಎತ್ತಿ ಕುಡಿಯಬೇಕು."

ಮಾಚಣ್ಣ ಕಾಡಿಗೆ ಹೋದ. ಬಂಡೆಯ ಮೇಲೆ ಕರಡಿಯೊಂದು ಕೂತಿತ್ತು. ಅವನ ಕಷ್ಟ ಕೇಳಿ ಅದು ಜೇನುಹುಟ್ಟು ಇಳಿಸಿಕೊಟ್ಟಿತು. ಜೊತೆಗೆ ಬಂದು, ಹಂಡೆಯೊಳಗೆ ಪಂಜ ಅದ್ದಿ ನೆಕ್ಕಿ, ಸಾಕು ಎಂದಿತು. ಹಾಗೆ ಮೊದಲ ಹೆಂಡವಾಯಿತು. ಪಾನಶಾಲೆಯಲ್ಲಿ ಎಲ್ಲರೂ ಕುಡಿದರು. ನನ್ನದೇ ಮೇಲಲ್ಲವೇ ಎಂದು ಮಾಂತ್ರಿಕ ಕೇಳಿದ. ಹೌದು, ಒಡೆಯ, ಎಂದರು ಎಲ್ಲರೂ. ಹೆಂಡ ಚೆನ್ನಾಗಿತ್ತೋ ಕೆಟ್ಟಿತ್ತೋ ಮಾಚಣ್ಣನಿಗೆ ಅರ್ಥವಾಗಲಿಲ್ಲ.

ಎರಡನೆಯ ಸಲ ಬಾವಲಿಯೊಂದು ಎದುರಾಯಿತು. ತಲೆಕೆಳಗಾಗಿ ನೇತಾಡುತ್ತಲೇ ಅದು ಒಳ್ಳೆಯ ನೇರಳೆಹಣ್ಣು ಎಂದು ಬುಟ್ಟಿ ತುಂಬಿಸಿತು. ಅದಕ್ಕೆ ಎಲ್ಲವೂ ತಿರುಗುಮುರುಗು, ಕೊಟ್ಟದ್ದೆಲ್ಲ ಕಾಯಿ. ನಾಲಿಗೆ ಕೆಟ್ಟ ಮಾಚಣ್ಣನಿಗೆ ಅದು ತಿಳಿಯಲೇ ಇಲ್ಲ. ಹೆಂಡ ಹಲ್ಲು ಚಳಿಯುವಷ್ಟು ಹುಳಿಯಾಯಿತು. ಆಗಲೂ ಎಲ್ಲರೂ ಹೌದು ಒಡೆಯ ಎಂದರು. ಆದರೆ ಮೂಲೆಯಲ್ಲಿದ್ದ ಮುದಿ ಕುಂಬಾರನೊಬ್ಬ ಮುಖ ಕಿವುಚಿದ್ದನ್ನು ಮಾಚಣ್ಣ ಕಂಡ. ಮುದುಕನ ತುಟಿ ಇನ್ನೇನೋ ಹೇಳಲು ಅಲುಗಿ, ಆಮೇಲೆ ಹೌದಿಗೆ ಹೊರಳಿತ್ತು.

ಮಾಚಣ್ಣ ಮನೆಗೆ ಬಂದು ಖಾಲಿ ಗುಡಾಣಕ್ಕೆ ಒರಗಿ ಕೂತ. ಚೆನ್ನಾಗಿದ್ದರೂ ಹೌದು, ಕೆಟ್ಟರೂ ಹೌದು. ಹಾಗಾದರೆ ಚೆನ್ನಾಗಿ ಮಾಡಿ ಯಾರನ್ನು ಗೆಲ್ಲುವುದು? ಆ ಮುದುಕನ ತುಟಿಗೆ ಬಂದು ನಿಂತ ಮಾತು ಯಾವುದು? ಯೋಚಿಸಿದಷ್ಟೂ ತಲೆ ಗೋಜಲಾಯಿತು. ಕೊನೆಗೆ ಒಂದಂತೂ ಹೊಳೆಯಿತು. ಮುಖ ಕಿವುಚಿಸುವಂಥದ್ದು ಬೇಕು, ಅದಕ್ಕಿಂತ ಹತ್ತು ಪಟ್ಟು.

ಮೂರನೆಯ ಸಲ ಅವನು ಮುಳ್ಳುಹಂದಿಯ ಬಿಲದ ಮುಂದೆ ನಿಂತು, ಲೋಕದಲ್ಲೇ ಕಹಿಯಾದದ್ದು ಏನಿದ್ದರೂ ಕೊಡು ಎಂದು ಬೇಡಿದ. ಮುಳ್ಳುಹಂದಿ ನೆಲಬೇವನ್ನು ಬೇರುಸಮೇತ ಅಗೆದು ಹಾಕಿ, ನನಗೇನೋ ಇದು ಊಟ, ನಿನಗೇನಾಗುತ್ತದೋ ಗೊತ್ತಿಲ್ಲ ಎಂದು ಗೊಣಗಿ ಒಳಗೆ ಹೋಯಿತು.

ಮಾಚಣ್ಣ ನೆಲಬೇವು ಹಾಕಿ ಕುದಿಸಿದ. ಈ ಸಲ ನಾಲಿಗೆಯನ್ನು ಕೇಳಲಿಲ್ಲ. ಹಂಡೆಯ ಬಿಸಿಯನ್ನು ಅಂಗೈಯಿಂದ ನೋಡಿದ. ಹುದುಗು ಏಳುವ ಸದ್ದಿಗೆ ಗುಡಾಣಕ್ಕೆ ಕಿವಿಗೊಟ್ಟ. ಗುಳುಗುಳು ಸದ್ದು ನಿಂತು ಬರೀ ಪಿಸುಗುಟ್ಟುವಾಗ ಮುಚ್ಚಳ ತೆಗೆದ. ತಾನು ಮಾಡಿದ್ದು ಹೆಂಡವೋ ವಿಷವೋ ಅವನಿಗೇ ತಿಳಿಯದು. ಆದರೂ ಗುಡಾಣ ಹೊತ್ತು ನಡೆದ.

ಮೊದಲ ಬಟ್ಟಲನ್ನು ಜಕ್ಕವ್ವನಿಗೆ ಕೊಟ್ಟ. ಅವಳು ಕುಡಿದಳು. ಹುಬ್ಬು ಗಂಟಿಕ್ಕಿತು, ಕಣ್ಣಲ್ಲಿ ನೀರು ಬಂತು, ಮೈ ಒಮ್ಮೆ ಜುಮ್ಮೆಂದಿತು. ಮಾಂತ್ರಿಕ ಅವಸರದಲ್ಲಿ, ನನ್ನದೇ ಮೇಲಲ್ಲವೇ ಎಂದ. ಜಕ್ಕವ್ವನಿಗೆ ಅವನ ಕಡೆ ನೋಡಲೂ ಬಿಡುವಿರಲಿಲ್ಲ.

"ಇಲ್ಲ," ಎಂದಳು. "ಚೆನ್ನಾಗಿಲ್ಲ ಕಣೋ ಮಾಚ, ಏನೋ ಇದು, ಇದಕ್ಕೆ ಏನು ಹಾಕಿದೀಯ?"

ಇಲ್ಲ ಎಂಬ ಮಾತು ಆ ಪಾನಶಾಲೆಯಲ್ಲಿ ಅದೇ ಮೊದಲು ಕೇಳಿದ್ದು. ಕರಿಕಲ್ಲಿನ ಗೋಡೆ ಬಿರಿಯಿತು. ಧೂಮಜಟಿಯ ಜಟೆಯಿಂದ ಒಂದು ಎಳೆ ಹೊಗೆ ಕಳಚಿ ಹಾರಿತು. ಜಕ್ಕವ್ವ ಸುತ್ತ ನೋಡಿದಳು, ತಾನೆಲ್ಲಿದ್ದೇನೆಂದು ಅರಿತಳು, ಗುಡಾಣ ಎತ್ತಿಕೊಂಡು ಎಲ್ಲರ ಬಟ್ಟಲಿಗೂ ಸುರಿಯುತ್ತ ಹೋದಳು. ಕುಂಬಾರ ಇಲ್ಲ ಎಂದ. ನೇಕಾರರು, ಸೈನಿಕರು ಇಲ್ಲ ಎಂದರು, ಕೊನೆಗೆ ಅರಸನೂ ಕೆಮ್ಮುತ್ತ ಕೆಮ್ಮುತ್ತ ಇಲ್ಲ ಎಂದ. ಒಂದೊಂದು ಮಾತಿಗೂ ಮಾಂತ್ರಿಕ ಸಣ್ಣಗಾದ. ಜನರ ಹೌದಿನಿಂದಲೇ ನಿಂತಿದ್ದ ಮೈ ಅದು. ಎಲ್ಲರೂ ಮುಗಿಸುವಾಗ ಅವನಿದ್ದ ಕಡೆ ಊದುಬತ್ತಿಯಷ್ಟು ಹೊಗೆಯಿತ್ತು. ಗಾಳಿ ಬೀಸಿತು, ಅದೂ ಹೋಯಿತು. ಕಿರೀಟ ಠಣ್ಣನೆ ನೆಲಕ್ಕೆ ಬಿತ್ತು.

ಮಾಚಣ್ಣ ಬಟ್ಟಲಿನ ತಳದಲ್ಲಿ ಉಳಿದದ್ದನ್ನು ಬಾಯಿಗೆ ಹಾಕಿಕೊಂಡ. ಕಹಿ. ನಿಜವಾದ, ಘೋರವಾದ ಕಹಿ. ನಾಲಿಗೆ ಮರಳಿ ಬಂತೆಂದು ಅವನು ಅಲ್ಲೇ ಕುಸಿದು ಅತ್ತುಬಿಟ್ಟ. ಸಾಯುವಷ್ಟು ಕಹಿಯಾಗಿದೆಯೇ ಎಂದು ಅರಸ ಗಾಬರಿಯಾದ.

ಎಲ್ಲರೂ ಮನೆಯ ದಾರಿ ಹಿಡಿದರು. ಜಕ್ಕವ್ವ ಮಾತ್ರ ಬಟ್ಟಲು ಹಿಡಿದು ನಿಂತೇ ಇದ್ದಳು. ಗಂಟಿಕ್ಕಿದ ಹುಬ್ಬು ಇನ್ನೂ ಸಡಿಲಾಗಿರಲಿಲ್ಲ.

"ಇನ್ನೊಂದು ಸ್ವಲ್ಪ ಹಾಕು," ಎಂದಳು.

"ಚೆನ್ನಾಗಿಲ್ಲ ಅಂದೆಯಲ್ಲ ಅಕ್ಕ?"

"ಚೆನ್ನಾಗಿಲ್ಲ. ಆದರೂ ಹಾಕು."

ಅವಳು ಹೊಗಳಿದಳೋ ಬೈದಳೋ ಮಾಚಣ್ಣನಿಗೆ ತಿಳಿಯಲಿಲ್ಲ. ಮರುದಿನ ಅರಸನ ಕಡೆಯವರು ಬಂದು ಅದೇ ಹೆಂಡ ಕೇಳಿದರು, ಅದರ ಮರುದಿನ ಕುಂಬಾರ ಬಂದ. ಎಲ್ಲರೂ ಮುಖ ಕಿವುಚಿಕೊಂಡೇ ಕುಡಿದರು, ಬೈದುಕೊಂಡೇ ಮತ್ತೆ ಬಂದರು. ಹೀಗೆ ಹೊನ್ನತೊರೆಯ ಜನ, ಬೇಕಾದ್ದಕ್ಕೆ ಹೌದೆಂದು, ಬೇಡದ್ದಕ್ಕೆ ಇಲ್ಲವೆಂದು, ಸಂಜೆಯಾದರೆ ಮಾಚಣ್ಣನ ಜಗಲಿಯಲ್ಲಿ ಸೇರಿ ಹರಟುತ್ತ ಬಹುಕಾಲ ಸುಖವಾಗಿ ಬಾಳಿದರು.