ಅತ್ತೆ ತಂದಿಟ್ಟ ಚಾಪೆಗಳು

ತಮ್ಮ ನಂತರ ವಿಶಾಖಪಟ್ಟಣದ ಪೆಂಡುರ್ತಿಯ ಮನೆಯನ್ನು ವಿಜಯವಾಡದ ಅನಾಥಾಲಯದ ಹುಡುಗಿಯರಿಗೆ ಕೊಡುವುದಾಗಿ ನಮ್ಮತ್ತೆ ಜಲಜಾ ಬಹಳ ಹಿಂದೆಯೇ ಮಾತು ಕೊಟ್ಟಿದ್ದರು. ವಿಲ್ ಬರೆದರು. ಆ ಹುಡುಗಿಯರಿಗೆಂದು ಹೊಸ ಚಾಪೆಗಳನ್ನು ತಂದು, ಮಹಡಿಯ ಕೋಣೆಯಲ್ಲಿಟ್ಟು ಬೀಗವನ್ನೂ ಹಾಕಿದರು.

ಅವರು ತೀರಿಕೊಂಡಾಗ, ಅದೇ ಮನೆಯಲ್ಲಿದ್ದುಕೊಂಡು ಒಬ್ಬಳೇ ದುಡಿದು ಇಬ್ಬರು ಮಕ್ಕಳನ್ನು ಸಾಕುತ್ತಿದ್ದ ನನಗೆ ಬಾಡಿಗೆ ಮನೆ ಹುಡುಕುವ ತ್ರಾಣವಿರಲಿಲ್ಲ. ವಕೀಲನಾದ ಮೈದುನ ಸಾಯಿಕಿರಣ್ ಅತ್ತಿಗೆಯ ಸಹಿಗೆಂದು ವಕಾಲತ್ತು ಪತ್ರ ಹಿಡಿದು ಬಂದ.

“ಕೇಸ್ ಹಾಕೋಣ ವದಿನಾ. ಮಕ್ಕಳ ಮದುವೆವರೆಗೂ ಇಲ್ಲೇ ಇರಬಹುದು.”

“ಅಲ್ಲೀವರೆಗೂ ನಿನ್ನ ಫೀಸು ಯಾರಪ್ಪ ಕೊಡೋದು?”

ಅವನು ನಕ್ಕ. ಮಧ್ಯಾಹ್ನ ಕರೆಂಟ್ ಹೋಗಿತ್ತು. ಗಾಳಿಗೆಂದು ಮಹಡಿ ಹತ್ತಿ ಬೀಗ ತೆಗೆದೆವು. ಆ ಬಿಸಿಲಿನಲ್ಲೂ ಕೋಣೆ ತಣ್ಣಗಿತ್ತು. ಕೂರಲು ಅವನು ಒಂದು ಚಾಪೆ ಬಿಡಿಸಿದವನೇ ಕೈ ಹಿಂತೆಗೆದ. ನಾನು ಮುಟ್ಟಿ ನೋಡಿದೆ. ಯಾರೋ ಆಗಷ್ಟೇ ಎದ್ದುಹೋದ ಹಾಗೆ ಬೆಚ್ಚಗಿತ್ತು. ತಲೆಯಿಡುವ ಕಡೆ ತೆಂಗಿನೆಣ್ಣೆಯ ಕಲೆ ಇನ್ನೂ ಹಸಿಯಾಗಿತ್ತು. ಇನ್ನೊಂದನ್ನು ಬಿಡಿಸಿದೆ. ಅದೂ ಹಾಗೆಯೇ. ಎಲ್ಲವೂ ಹಾಗೆಯೇ.

“ಇವತ್ತು ಸಹಿ ಬೇಡ ವದಿನಾ,” ಎಂದು ಅವನು ಕೆಳಗಿಳಿದ.

ಆಮೇಲೂ ನಾನು ಸಹಿ ಹಾಕಲಿಲ್ಲ. ಕೀಲಿ ಕೊಡುವಾಗ ಅನಾಥಾಲಯದ ವಾರ್ಡನ್ ದುರ್ಗಾಭವಾನಿಯವರನ್ನು, ಹುಡುಗಿಯರು ಯಾರಾದರೂ ಮೊದಲೇ ಈ ಮನೆಗೆ ಬಂದಿದ್ದರೇ ಎಂದು ಕೇಳಿದೆ. ಹುಡುಗಿಯರು ಯಾರೂ ಇನ್ನೂ ವಿಶಾಖಪಟ್ಟಣವನ್ನೇ ನೋಡಿಲ್ಲವಂತೆ.

ನಾವು ಬಾಡಿಗೆ ಮನೆಗೆ ಬಂದೆವು. ಅತ್ತೆಯ ಮನೆ ಆ ಹುಡುಗಿಯರಿಗೆ ಸೇರಿತು.