ಕುದುರೆ ಪಿಚ್ಚರಿನ ಐದು ‘ಗೊತ್ತಿಲ್ಲ’ಗಳು

“ಕುದುರೇನ ಮಾರೋಕೆ ಸಂತೆಗೆ ಹೊಡ್ಕೊಂಡು ಹೋದ. ಆಮೇಲೆ?”

“ಆಮೇಲೆ ಗೊತ್ತಿಲ್ಲ ಕಂದಾ,” ಎಂದ ಅಜ್ಜ, ಚಹಾ ಲೋಟವನ್ನು ಕೆಳಗಿಡುತ್ತ.

ಮೆಣಸು ಪೆನ್ಸಿಲನ್ನು ನೋಟ್‌ಬುಕ್ಕಿನ ಮೇಲೆ ಕುಕ್ಕಿದಳು. ಮೊನೆ ಮುರಿಯಿತು. ಇದು ಐದನೆಯ ‘ಗೊತ್ತಿಲ್ಲ’. ಕೋಪವನ್ನು ಮೂಗಿನ ತುದಿಯಲ್ಲೇ ಇಟ್ಟುಕೊಂಡಿರುತ್ತಾಳೆಂದು ಮನೆಯವರು ಅವಳನ್ನು ಮೆಣಸು ಎಂದು ಕರೆಯುತ್ತಿದ್ದರು. ಇವತ್ತಂತೂ ಆ ಹೆಸರಿಗೆ ಅವಳಿಂದ ಯಾವ ಕುಂದೂ ಬರುವಂತಿರಲಿಲ್ಲ.

ತಪ್ಪು ಅವಳದೂ ಸ್ವಲ್ಪ ಇತ್ತು. ಎಲ್ಲರೂ ಮರೆತುಬಿಟ್ಟಿರುವ ಹಳೆಯ ಸಿನಿಮಾವೊಂದರ ಕತೆಯನ್ನು ಹಿರಿಯರಿಂದ ಕೇಳಿಕೊಂಡು ಬಂದು ಕ್ಲಾಸಿನಲ್ಲಿ ಹೇಳಬೇಕು, ಫೋನಿನಲ್ಲಿ ಹುಡುಕುವಂತಿಲ್ಲ ಎಂದು ಟೀಚರ್ ಪ್ರಾಜೆಕ್ಟ್ ಕೊಟ್ಟಿದ್ದರು. ಮೆಣಸು ಆಗಲೇ ಎದ್ದು ನಿಂತು, ತನ್ನ ಅಜ್ಜ ಥಿಯೇಟರಿನಲ್ಲಿ ಪ್ರೊಜೆಕ್ಟರ್ ಓಡಿಸುತ್ತಿದ್ದನೆಂದೂ, ತನ್ನ ಕತೆಯ ಮುಂದೆ ಬೇರೆಯವರದೆಲ್ಲ ಸಪ್ಪೆಯೆಂದೂ ಜಂಬ ಕೊಚ್ಚಿಕೊಂಡಿದ್ದಳು. ನಾಳೆ ಅವಳ ಸರದಿ.

ಅಜ್ಜ ಆರಿಸಿಕೊಟ್ಟದ್ದು ‘ಕುದುರೆ ಪಿಚ್ಚರು’. ಅದರ ನಿಜವಾದ ಹೆಸರು ಅವನ ನಾಲಿಗೆಯ ತುದಿಗೆ ಬಂದು ಬಂದು ಹಿಂದಕ್ಕೆ ಓಡುತ್ತಿತ್ತು. ಗಾಡಿಯವನೊಬ್ಬ, ಅವನ ಮುದಿ ಕುದುರೆ, ಅದರ ಕೊರಳಲ್ಲೊಂದು ಗಂಟೆ. ಶುರುವೇನೋ ಸೊಗಸಾಗಿತ್ತು. ಆದರೆ ಕತೆ ಹತ್ತು ಹೆಜ್ಜೆ ನಡೆಯುವಷ್ಟರಲ್ಲಿ ಹಳ್ಳಕ್ಕೆ ಬೀಳುತ್ತಿತ್ತು. ಗಾಡಿಯವನು ಮಳೆಯಲ್ಲಿ ಓಡುತ್ತಾನೆ, ಮರುಕ್ಷಣ ಆಸ್ಪತ್ರೆಯಲ್ಲಿ ಮಲಗಿದ್ದಾನೆ. ಏಕೆ? ಗೊತ್ತಿಲ್ಲ. ಹೆಂಡತಿ ನಗುತ್ತಿರುತ್ತಾಳೆ, ಮತ್ತೆ ನೋಡಿದರೆ ಗಂಡನ ಜೊತೆ ಮಾತೇ ಬಿಟ್ಟಿದ್ದಾಳೆ. ಏಕೆ? ಅದೂ ಗೊತ್ತಿಲ್ಲ. ಇಂಥವು ಇನ್ನೆರಡು. ಕುದುರೆಗೆ ಕಣ್ಣು ಹೋಗುತ್ತದೆ, ಅದನ್ನು ಸಂತೆಗೆ ಒಯ್ಯುತ್ತಾನೆ. ಅಲ್ಲಿ ಐದನೆಯ ಹಳ್ಳ. ಅದನ್ನು ದಾಟಿದರೆ, ಗಾಡಿಯವನು ಗಂಟೆಯನ್ನು ತನ್ನ ಕೊರಳಿಗೇ ಕಟ್ಟಿಕೊಂಡು, ಗಾಡಿಯನ್ನು ತಾನೇ ಎಳೆದುಕೊಂಡು ಹೋಗುತ್ತಿರುತ್ತಾನೆ. ಶುಭಂ.

“ಮತ್ತೆ ಕುದುರೆ?”

“ಸತ್ತಿರ್ಬೇಕು.” ಅಜ್ಜನ ದನಿ ಇಳಿದಿತ್ತು.

“ಇರ್ಬೇಕು ಅಂದ್ರೆ ಏನಜ್ಜ? ನೀನು ನೋಡಿದೀಯೋ ಇಲ್ವೋ?”

“ನೂರಾ ಹನ್ನೆರಡು ಸಲ ಓಡ್ಸಿದೀನಿ.”

“ಓಡ್ಸಿದ್ದಲ್ಲ. ನೋಡಿದ್ದು.”

ಅಜ್ಜ ಬಿಡಿಸಿ ಹೇಳಿದ. ಪಿಚ್ಚರು ಆರು ರೀಲುಗಳಲ್ಲಿ, ತಗಡಿನ ಡಬ್ಬಿಗಳಲ್ಲಿ ಬರುತ್ತಿತ್ತು. ಎರಡು ಮೆಷಿನ್. ಒಂದರಲ್ಲಿ ರೀಲು ಮುಗಿಯುತ್ತಿದ್ದಂತೆ ಇನ್ನೊಂದನ್ನು ಓಡಿಸಬೇಕು. ಮುಗಿದದ್ದನ್ನು ಇಳಿಸಿ, ಕೈಯಿಂದ ಹಿಂದಕ್ಕೆ ಸುತ್ತಿ, ಮುಂದಿನದನ್ನು ಏರಿಸಿ, ಪುಟ್ಟ ಕಿಂಡಿಯಿಂದ ತೆರೆ ನೋಡುವ ಹೊತ್ತಿಗೆ ಅರ್ಧ ರೀಲು ಓಡಿರುತ್ತಿತ್ತು. ಆಮೇಲೆ ಕಣ್ಣು ಇರಬೇಕಾದದ್ದು ತೆರೆಯ ಬಲಗಡೆ ಮೇಲಿನ ಮೂಲೆಯಲ್ಲಿ. ಅಲ್ಲೊಂದು ಚುಕ್ಕೆ ಮಿಂಚುತ್ತದೆ. ಅಲ್ಲಿಂದ ಎಂಟು ಸೆಕೆಂಡಿಗೆ ಇನ್ನೊಂದು. ಅದು ಕಂಡ ಕೂಡಲೇ ಮೆಷಿನ್ ಬದಲಾಗಬೇಕು. ಕೊನೆಯ ರೀಲಾದರೆ ಥಿಯೇಟರಿನ ದೀಪ ಹಾಕಬೇಕು.

“ಕಣ್ಣು ಮಿಟುಕಿಸಿದ್ರೆ ಮುಗೀತು, ತೆರೆ ಬೆಳ್ಳಗಾಗುತ್ತೆ, ಜನ ಶಿಳ್ಳೆ ಹಾಕ್ತಾರೆ. ನನ್ನ ಕೈಯಲ್ಲಿ ಒಂದು ಸಲಾನೂ ಬೆಳ್ಳಗಾಗಿಲ್ಲ.”

“ಕುದುರೆ ಏನಾಯ್ತು ಅಂತ ಯಾರನ್ನಾದ್ರೂ ಕೇಳ್ಬಹುದಿತ್ತಲ್ಲ?”

“ಪಿಚ್ಚರ್ ಓಡಿಸೋನೇ ಹೋಗಿ ಕೇಳೋದಾ? ನನ್ನ ಮರ್ಯಾದೆ ಏನಾಗ್ಬೇಕು?”

ಮೆಣಸು ಎರಡೂ ಕೈಯಿಂದ ತಲೆ ಹಿಡಿದುಕೊಂಡಳು. ಕ್ಲಾಸಿನ ಮುಂದೆ ನಿಂತು ಐದು ಸಲ ಗೊತ್ತಿಲ್ಲ ಎಂದರೆ ಹಿಂದಿನ ಬೆಂಚಿನವರು ವರ್ಷವಿಡೀ ಅವಳನ್ನು ಕುದುರೆ ಎಂದೇ ಕರೆಯುತ್ತಾರೆ. ಅಡುಗೆಮನೆಯಿಂದ ಅಮ್ಮನ ದನಿ ಬಂತು. ಮೂರು ದಿನದಿಂದ ಈ ಕುದುರೆಯನ್ನು ಕೇಳಿ ಕೇಳಿ ಅವಳ ಕಿವಿ ತೂತಾಗಿತ್ತಂತೆ. ಬೀದಿ ಮೂಲೆಯ ಟೈಲರ್ ಅತ್ತೆ ಚಿಕ್ಕವಳಿದ್ದಾಗ ಆ ಥಿಯೇಟರಿನಲ್ಲೇ ಬಿದ್ದಿರುತ್ತಿದ್ದಳಂತೆ, ಹೋಗಿ ಅವಳ ಪ್ರಾಣ ತಿನ್ನಬೇಕಂತೆ.

ಟೈಲರ್ ಅತ್ತೆ ತುಟಿಗಳ ನಡುವೆ ಗುಂಡುಸೂಜಿ ಕಚ್ಚಿಕೊಂಡು ರವಿಕೆಗೆ ತೋಳು ಜೋಡಿಸುತ್ತಿದ್ದಳು. ಕತೆಯ ಹಳ್ಳಗಳನ್ನೆಲ್ಲ ಕೇಳಿ, ಮಳೆಯೂ ಆಸ್ಪತ್ರೆಯೂ ತನಗೆ ನೆನಪಿಲ್ಲವೆಂದು ಕೈ ಅಲ್ಲಾಡಿಸಿದಳು. ಕುದುರೆ ಸತ್ತಿತು ಎಂದದ್ದೇ ತಡ, ಸೂಜಿಗಳನ್ನು ಅಂಗೈಗೆ ಉಗಿದಳು.

“ಯಾರೇ ಹೇಳಿದ್ದು ಸತ್ತಿತು ಅಂತ? ಅದನ್ನ ಮಾರೋಕೆ ಮನಸ್ಸೇ ಬರಲ್ಲ ಅವನಿಗೆ. ಕುರುಡು ಕುದುರೆ, ದಾರಿ ಗೊತ್ತಾಗ್ಬೇಕಲ್ಲ? ಅದಕ್ಕೇ ಗಂಟೆ ತಾನು ಕಟ್ಕೊಂಡು ಮುಂದೆ ಮುಂದೆ ಹೋಗ್ತಾನೆ. ಅದು ಸದ್ದು ಹಿಡ್ಕೊಂಡು ಹಿಂದೆ ಬರುತ್ತೆ. ನಾನು ಮೂರು ಸಲ ನೋಡಿ ಮೂರು ಸಲಾನೂ ಅತ್ತಿದೀನಿ.”

ಗುಂಡಿಗಳ ಡಬ್ಬಿಯ ತಳದಿಂದ ಅವಳು ಹಳದಿಯಾಗಿದ್ದ ಪುಟ್ಟ ಪುಸ್ತಕವೊಂದನ್ನು ಎಳೆದಳು. ಆಗೆಲ್ಲ ಥಿಯೇಟರಿನ ಬಾಗಿಲಲ್ಲಿ ಮಾರುತ್ತಿದ್ದ ಹಾಡಿನ ಪುಸ್ತಕ. ಮೊದಲ ಹಾಳೆ ಹರಿದುಹೋಗಿತ್ತು. ಹಿಂಬದಿಯಲ್ಲಿ ಕೊನೆಯ ದೃಶ್ಯದ ಚಿತ್ರವಿತ್ತು: ಬಲಗಡೆ ಗಾಡಿಯವನು, ನಡುವೆ ಗಾಡಿ, ಎಡಗಡೆ, ಗಾಡಿಯ ಹಿಂದೆ, ಕುದುರೆ.

ಮೆಣಸು ಒಂದೇ ಉಸಿರಿಗೆ ಮನೆಗೆ ಓಡಿದಳು. ಚಿತ್ರವನ್ನು ಅಜ್ಜನ ಕೈಗಿಟ್ಟಳು.

ಅಜ್ಜ ಕನ್ನಡಕ ಏರಿಸಿದ. “ಇದೇ ಸೀನು. ಪಾಪ, ಒಬ್ಬನೇ ಎಳೀತಿದಾನೆ.”

ತಮಾಷೆ ಮಾಡುತ್ತಿದ್ದಾನೆಂದುಕೊಂಡಳು ಅವಳು. ಅಂಗೈಯಗಲದ ಚಿತ್ರದಲ್ಲಿ ಅಷ್ಟು ದೊಡ್ಡ ಕುದುರೆ ಕಾಣುವುದಿಲ್ಲವೆಂದರೆ ಏನರ್ಥ? ಬಾಯಿಗೆ ಬಂದ ಬೈಗುಳದೊಂದಿಗೆ ತಲೆಯೆತ್ತಿ ಅವನ ಮುಖ ನೋಡಿದಳು.

ಅಜ್ಜನ ಕಣ್ಣು ಗಾಡಿಯವನ ತಲೆಯ ಮೇಲೆ, ಬಲಗಡೆ ಮೇಲಿನ ಮೂಲೆಯಲ್ಲಿ ನೆಟ್ಟಿತ್ತು. ರೆಪ್ಪೆ ಬಡಿದಿರಲಿಲ್ಲ.

ಮೆಣಸು ತನ್ನ ಹೆಬ್ಬೆರಳನ್ನು ಆ ಮೂಲೆಯ ಮೇಲೆ ಮೆಲ್ಲಗೆ ಒತ್ತಿ ಹಿಡಿದಳು.

“ಚುಕ್ಕೆ ಬಂದ್ರೆ ನಾನು ಹೇಳ್ತೀನಿ ಅಜ್ಜ. ನೀನು ಪಿಚ್ಚರ್ ನೋಡು.”

ಅಜ್ಜನ ಕಣ್ಣು ಇಳಿಯಿತು. ಗಾಡಿಯವನನ್ನು ದಾಟಿ, ಚಕ್ರವನ್ನು ದಾಟಿ, ಎಡಕ್ಕೆ ಸರಿದು ನಿಂತಿತು.

“ಕಿವಿ ನಿಮಿರಿಸಿದೆ ನೋಡು,” ಎಂದ ಕೊನೆಗೆ. “ಗಂಟೆ ಕೇಳಿಸ್ತಿದೆ ಅದಕ್ಕೆ.”

ಮೆಣಸು ಪೆನ್ಸಿಲ್ ಹೆರೆದು ನೋಟ್‌ಬುಕ್ ತೆರೆದಳು. ಐದನೆಯ ‘ಗೊತ್ತಿಲ್ಲ’ವನ್ನು ಅಳಿಸಿ ಅಲ್ಲಿ ಕುದುರೆಯನ್ನು ತಂದು ನಿಲ್ಲಿಸಿದಳು. ಉಳಿದ ನಾಲ್ಕನ್ನೂ ಅಳಿಸಿದಳು. ಅವುಗಳ ಜಾಗದಲ್ಲಿ, ನಾಲ್ಕು ಕಡೆಯೂ, ಒಂದೇ ಸಾಲನ್ನು ದುಂಡಾಗಿ ಬರೆದಳು: ‘ಇಲ್ಲಿ ನನ್ನ ಅಜ್ಜ ರೀಲು ಸುತ್ತುತ್ತಿದ್ದ. ತೆರೆ ಬೆಳ್ಳಗಾಗಲಿಲ್ಲ.’