ಚಿಪ್ಪಿನ ಒದ್ದೆ ಕಾಲು

ಬೇಕಾದವರು ನಂಬಿ, ಇದು ನಡೆದದ್ದು ಹಾಡಹಗಲಲ್ಲಿ, ಕಳವಾ ಎಂಬ ಊರಿನ ನಮ್ಮ ರಿಪೇರಿ ಅಂಗಡಿಯಲ್ಲಿ. ವಾಷಿಂಗ್ ಮಷೀನಿನ ಬೋರ್ಡೊಂದರಿಂದ ಕೆಟ್ಟ ಕ್ರಿಸ್ಟಲ್ ಕಿತ್ತಿಟ್ಟಿದ್ದೆ. ಹೊರಗಿನ ಕ್ರಿಸ್ಟಲ್ಲಿನ ಮಿಡಿತದ ಮೇಲೇ ಓಡುವಂತೆ ಸೆಟ್ ಮಾಡಿದ ಚಿಪ್ ಅದು. ಕ್ರಿಸ್ಟಲ್ ಇಲ್ಲದಿದ್ದರೆ ಅಲುಗುವುದಿಲ್ಲ. ಆದರೂ ಕರೆಂಟು ಕೊಟ್ಟೊಡನೆ ಕೆಂಪು ದೀಪ ಮಿನುಗತೊಡಗಿತು.

ನನಗಿಂತ ಮೊದಲು ಈ ಮೇಜಿಗೆ ಕೂರುತ್ತಿದ್ದ ರೇವಣಸಿದ್ದನಿಗೆ ಒಂದು ಚಾಳಿಯಿತ್ತು. ಚಿಪ್ಪಿಗೆ ಜೀವವಿದೆಯೇ ಎಂದು ನೋಡಲು ಬೆರಳು ನೆಕ್ಕಿ, ಕ್ರಿಸ್ಟಲ್ ಸೇರುವ ಲೋಹದ ಕಾಲಿಗೆ, ಅಂದರೆ ಪಿನ್ನಿಗೆ, ಒತ್ತುತ್ತಿದ್ದ. ಮನುಷ್ಯನ ಮೈ ತಾಗಿದರೆ, ಕ್ರಿಸ್ಟಲ್ ಇಲ್ಲದೆಯೂ ಒಮ್ಮೊಮ್ಮೆ ಚಿಪ್ ಓಡುತ್ತದೆ. ಶಾಕ್ ತಡೆಯುವ ಟ್ರಾನ್ಸ್‌ಫಾರ್ಮರ್ ತರಿಸಿ ಎಂದು ಅವನು ಕೇಳಿದರೆ ಅಂಗಡಿಯ ಮಾಲೀಕ ಸೇಠ್ ಜಯೇಶ್ ಕಿವಿಗೇ ಹಾಕಿಕೊಳ್ಳಲಿಲ್ಲ. ಒಂದು ದಿನ ಹಾಗೆ ಒತ್ತಿದ ರೇವಣಸಿದ್ದ ಮತ್ತೆ ಏಳಲಿಲ್ಲ.

ಈಗ ನನ್ನ ಮುಂದಿದ್ದ ಚಿಪ್ಪಿನ ಅದೇ ಕಾಲು ಒದ್ದೆಯಾಗಿತ್ತು. ಪ್ಲಗ್ ಕಿತ್ತು ಒರೆಸಿದೆ. ಕಣ್ಣೆದುರೇ ಮತ್ತೆ ಒದ್ದೆಯಾಯಿತು. ರೇವಣಸಿದ್ದ ಜಗಿಯುತ್ತಿದ್ದ ಸುಣ್ಣ-ತಂಬಾಕಿನ ವಾಸನೆ ಮೂಗಿಗೆ ಬಡಿಯಿತು.

“ಸೇಠ್, ಇಲ್ಲಿ ಬರ್ರಿ, ಇದನ್ನ ನೋಡ್ರಿ,” ಎಂದೆ.

“ಚಾಲೂ ಆಯ್ತಲ್ಲ ನಾಗವೇಣಿ, ಪ್ಯಾಕ್ ಮಾಡು. ನಾಟಕ ಬೇಡ,” ಎಂದು ಗದರಿದ ಜಯೇಶ್, ಬೋರ್ಡನ್ನು ತಾನೇ ಕೈಗೆತ್ತಿಕೊಂಡ.

ಅವನ ಬೆರಳು ತಾಗಿದ್ದೇ ಆ ಕಾಲು ಒಣಗಿತು. ಎಂದೂ ತಂಬಾಕು ಮುಟ್ಟದ ಜಯೇಶ್ ಈಗ ಬೋರ್ಡುಗಳ ಮುಂದೆ ನಿಂತಾಗಲೆಲ್ಲ, ತನಗೇ ಅರಿವಿಲ್ಲದೆ ಬೆರಳು ನೆಕ್ಕುತ್ತಾನೆ. ನಾನು ಅದನ್ನು ಅವನಿಗೆ ಹೇಳಿಲ್ಲ.